ತೆರೆದ ಕಾರಣ

ಏಳನೆಯ ವಿಷಯ ಬರುವಷ್ಟರಲ್ಲಿ ಮಧ್ಯಾಹ್ನವಾದೀತು ಅಂತ ಅಧ್ಯಕ್ಷ ಅಂದುಕೊಂಡಿದ್ದ. ಹತ್ತೂ ಮುಕ್ಕಾಲಿಗೇ ಬಂದು ಕೂತಿತು. ರಕ್ತದೊತ್ತಡದ ಎರಡು ಅಂಕಿಗಳ ನಡುವಿನ ಗೆರೆ ಓರೆಯಾಗಿರಬೇಕೋ ನೆಟ್ಟಗಿರಬೇಕೋ ಅಂತ ಒಂದಿಡೀ ಬೇಸಿಗೆ ಕಿತ್ತಾಡಿದ್ದ ಸಮಿತಿ ಇದು. ಈ ಬುಧವಾರ ಮಾತ್ರ ಆರು ವಿಷಯಗಳನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸಿತ್ತು. ಯಾರೂ ಅಡ್ಡ ಬರಲಿಲ್ಲ, ಯಾರೂ ಕೆಮ್ಮಲಿಲ್ಲ. ಉದ್ದ ಮೇಜಿನ ತುದಿಯಲ್ಲಿ ಕೂತು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಶಕ್ತಿ ಉಳಿಸಿಕೊಳ್ಳುತ್ತಿದ್ದಾರೆ, ಏಳನೆಯದಕ್ಕೆ. ನೀರಿನ ಜಗ್ಗಿನ ಮೇಲೆ ಮುಚ್ಚಿದ್ದ ಪ್ಲಾಸ್ಟಿಕ್ ತಟ್ಟೆಯ ಕೆಳಗೆ ಹನಿ ಕಟ್ಟಿಕೊಂಡಿತ್ತು. ಬೀಳುತ್ತದೆ, ಈಗ ಬೀಳುತ್ತದೆ ಅಂತ ನೋಡುತ್ತಿದ್ದವನಿಗೆ ಕಾರ್ಯದರ್ಶಿ ಓದಿದ್ದು ಅರ್ಧವಷ್ಟೇ ಕೇಳಿಸಿತು. ಓದಿದ್ದು ಅವನಿಗೆ ಬಾಯಿಪಾಠವೇ ಇತ್ತು: ರೋಗಿಯ ಕಡತವನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ತೆರೆದರು ಎಂಬ ಪಟ್ಟಿಯನ್ನು ರೋಗಿಗೆ ತೋರಿಸುವುದು, ಎಂದಿನಿಂದ ತೋರಿಸಬೇಕು ಎಂಬುದನ್ನು ನಿರ್ಧರಿಸುವುದು.

ತೋರಿಸಬೇಕೋ ಬೇಡವೋ ಅನ್ನುವುದು ಹೋದ ವರ್ಷವೇ ತೀರ್ಮಾನವಾಗಿತ್ತು. ಅವನೇ ಪಟ್ಟು ಹಿಡಿದು ಮಾಡಿಸಿದ್ದ. ದೇಶದ ಯಾವ ಮೂಲೆಯ ಆಸ್ಪತ್ರೆಗೆ ಹೋದರೂ ರೋಗಿಯ ಕಡತ ರೋಗಿಗಿಂತ ಮೊದಲೇ ಅಲ್ಲಿ ಹೋಗಿ ಕೂತಿರಬೇಕು, ಎಲ್ಲ ಆಸ್ಪತ್ರೆಗಳ ಯಂತ್ರಗಳೂ ಒಂದೇ ಭಾಷೆ ಆಡಬೇಕು, ಆ ಭಾಷೆಯ ವ್ಯಾಕರಣ ಈ ಮೇಜಿನ ಸುತ್ತ ಕೂತ ಏಳು ಜನ ಬರೆಯಬೇಕು. ಹನ್ನೊಂದು ವರ್ಷದಿಂದ ಇದೇ ಅವನ ಬದುಕು. ಹೋದ ವರ್ಷದ ಭಾಷಣದಲ್ಲಿ, 'ಕಡತ ರೋಗಿಯ ಮನೆ, ನಾವೆಲ್ಲ ಅಲ್ಲಿಗೆ ಬಂದುಹೋಗುವವರು' ಅಂದಿದ್ದ. ಆ ಮಾತು ಪತ್ರಿಕೆಯಲ್ಲಿ ಚೌಕ ಕಟ್ಟಿಸಿಕೊಂಡು ಬಂತು. ಮಗಳು ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗಲೆಲ್ಲ ಅವನು ಓದಿಕೊಳ್ಳುತ್ತಿದ್ದ. ಭಾಷಣ ಮಾಡುವಾಗ ಆ ಪಟ್ಟಿ ಮುಂದಿನ ದಿನಗಳದ್ದು ಅಂತ ತನಗೆ ತಾನೇ ನಂಬಿಸಿಕೊಂಡಿದ್ದ. ಹಿಂದಿನದೂ ಎಲ್ಲೋ ಒಂದು ಕಡೆ ಇರುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ ಅಂತ ಅಲ್ಲ.

"ಹಳೇ ಲಾಗ್, ಯಾರ್ಯಾರು ತೆರೆದ್ರು ಅನ್ನೋ ದಾಖಲೆ, ಎಲ್ಲಾ ಇದೆ ಸಾರ್," ಅಂದಳು ವ್ಯವಸ್ಥೆಯ ವಿನ್ಯಾಸ ಮಾಡುವ ಇಂಜಿನಿಯರ್. ಆ ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಪ್ರತಿ ಸಭೆಗೂ ಸುರುಳಿ ಸುತ್ತಿದ ನಕ್ಷೆ ತರುತ್ತಿದ್ದಳು, ಬಿಡಿಸಿದರೆ ಮೇಜು ಸಾಲುತ್ತಿರಲಿಲ್ಲ. "ಮೊದಲನೇ ದಿನದಿಂದ ಇದೆ. ಒಂದಕ್ಷರ ಕೂಡ ಹೋಗಿಲ್ಲ. ಹೊಸ ನಮೂನೆಗೆ ತರೋಕೆ ಮೂರು ತಿಂಗಳು ಸಾಕು."

ಒಂದಕ್ಷರ ಕೂಡ ಹೋಗಿಲ್ಲ ಅನ್ನುವಾಗ ಅವಳ ದನಿಯಲ್ಲಿ ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡವಳ ಹೆಮ್ಮೆ ಇತ್ತು. ಐದಕ್ಷರ, ಅಂದುಕೊಂಡ ಅಧ್ಯಕ್ಷ. ಕಡತ ತೆರೆಯುವ ಮೊದಲು ಸ್ಕ್ರೀನಿನ ಮೇಲೆ ಒಂದು ಚೌಕ ಬರುತ್ತದೆ, 'ತೆರೆದ ಕಾರಣ' ಅಂತ. ಸುಮ್ಮನೆ ಒಂದು ಚುಕ್ಕೆ ಒತ್ತಿ ಒಳಗೆ ನುಗ್ಗುವವರನ್ನು ತಡೆಯಬೇಕು, ಕನಿಷ್ಠ ಐದಕ್ಷರವಾದರೂ ಬರೆಯಲಿ ಅಂತ ನಿಯಮ ಮಾಡಿದವನು ಅವನೇ. ನಾಲ್ಕು ವರ್ಷದ ಹಿಂದೆ, ಹಳೆಯ ಕಾಗದದ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿಸಿದ ವಾರ, ಹುಡುಕಿದರೆ ಸಿಗುತ್ತದೋ ಇಲ್ಲವೋ ನೋಡಬೇಕಿತ್ತು. ಪರೀಕ್ಷೆಗೆಂದೇ ಸುಳ್ಳು ರೋಗಿಗಳನ್ನು ಹುಟ್ಟಿಸಿಟ್ಟಿದ್ದರು, ಸುಳ್ಳು ಜ್ವರ, ಸುಳ್ಳು ಮುರಿತ, ಎಲ್ಲ. ಅವನು ನಿಜವಾದ ಒಂದು ಹೆಸರು, ನಿಜವಾದ ಒಂದು ಹುಟ್ಟಿದ ದಿನಾಂಕ ಬರೆದ. ಅಕ್ಕನದು. ಥಟ್ಟನೆ ನೆನಪಿಗೆ ಬಂದ ದಿನಾಂಕ ಅದೊಂದೇ ಅಂತ ಆಮೇಲೆ ಸಮಾಧಾನ ಹೇಳಿಕೊಂಡ. ತನ್ನದೂ ಗೊತ್ತಿತ್ತು, ಹೆಂಡತಿಯದೂ ಗೊತ್ತಿತ್ತು. ಕಾರಣದ ಚೌಕದಲ್ಲಿ 'ಪರೀಕ್ಷೆಗಾಗಿ' ಅಂತ ಒತ್ತಿದ. ಲೆಕ್ಕ ಹಾಕಿದ ಹಾಗೆ ಐದಕ್ಷರ.

ಕಡತದಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ರಕ್ತದೊತ್ತಡ. ಒಂದು ಮಣಿಕಟ್ಟಿನ ಮುರಿತ. ಅಕ್ಕ ಯಾವಾಗ ಬಿದ್ದಳು, ಯಾವ ಕೈ ಅದು, ಅವನಿಗೆ ಗೊತ್ತೇ ಇರಲಿಲ್ಲ. ಅದರ ಕೆಳಗೆ ಇಪ್ಪತ್ತು ವರ್ಷ ಹಳೆಯ ಒಂದು ನಮೂದು. ನಿದ್ರೆಯ ಮಾತ್ರೆ, ಬೇಕೆಂದೇ ತೆಗೆದುಕೊಂಡದ್ದು. ನಾಲ್ಕು ದಿನ ಒಳರೋಗಿ. ಸಂಬಂಧಿಕರು: ಇಲ್ಲ.

ತಾಯಿ ಹೋದಾಗ ಅವನಿಗೆ ಏಳು, ಅಕ್ಕನಿಗೆ ಹದಿನಾರು. ಅವನ ಶಾಲೆ, ಅವನ ಕಾಲೇಜು, ಅವನ ಟೈಫಾಯ್ಡು, ಅವನ ಮದುವೆ, ಎಲ್ಲವನ್ನೂ ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿಕೊಂಡೇ ದಡ ಮುಟ್ಟಿಸಿದಳು. ಮದುವೆಯಾದ ವರ್ಷ ಹೆಂಡತಿ ಗರ್ಭಿಣಿಯಾದಳು. ಮನೆಯಲ್ಲಿದ್ದದ್ದು ಎರಡು ಕೋಣೆ. ಅವನು ಬಾಯಿಬಿಟ್ಟು ಹೊರಡು ಅನ್ನಲಿಲ್ಲ; ತೊಟ್ಟಿಲನ್ನು ಎಲ್ಲಿಡೋದು ಅಂತ ಅಕ್ಕನ ಎದುರಿಗೇ ಟೇಪು ಹಿಡಿದು ಅಳೆಯುತ್ತಿದ್ದ, ಅಷ್ಟೆ. ಮೂರನೆಯ ಸಲ ಅಳೆಯುವಾಗ ಅವಳೇ, "ಅಂಗಡಿ ಮೇಲೊಂದು ರೂಮು ಖಾಲಿ ಇದೆಯಂತೆ" ಅಂದಳು. ಅವನು ಟೇಪಿನ ಗುಂಡಿ ಒತ್ತಿದ, ಅದು ಸರ್ರನೆ ಒಳಗೆ ಹೋಯಿತು. ಅದಾಗಿ ಮೂರು ತಿಂಗಳಿಗೆ ಅಂಗಡಿಯ ಯಜಮಾನರು ಫೋನು ಮಾಡಿ, ನಿಮ್ಮಕ್ಕನಿಗೆ ಹೊಟ್ಟೆ ಕೆಟ್ಟಿದೆ, ಆಸ್ಪತ್ರೆಯಲ್ಲಿದ್ದಾಳೆ ಅಂದರು. ಕಿತ್ತಲೆಹಣ್ಣು ತಗೊಂಡು ಹೋದ. ಹೊರಗೆ ಏನಾದ್ರೂ ತಿಂದ್ಯಾ ಅಂತ ಕೇಳಿದ. ಹೂಂ ಅಂದಳು. ಹೊರಗೆ ತಿನ್ನಬೇಡ ಅಂತ ಬುದ್ಧಿ ಹೇಳಿ, ಹದಿನೈದು ನಿಮಿಷಕ್ಕೆ ಎದ್ದು ಬಂದ, ಹೆಂಡತಿಯನ್ನು ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಬುದ್ಧಿ ಹೇಳಿದ್ದೇ ಈಗ ಹೆಚ್ಚು ಚುಚ್ಚುತ್ತಿತ್ತು. ಆ ಹೊತ್ತಿಗಾಗಲೇ ಆಸ್ಪತ್ರೆಯ ಕಾಗದದ ಮೇಲೆ ಅವಳಿಗೆ ಯಾರೂ ಇರಲಿಲ್ಲ.

"ಕಾನೂನು ಹಿಂದಕ್ಕೆ ನಡೆಯೋದಿಲ್ಲ ಸಾರ್," ಅನ್ನುತ್ತಿದ್ದ ವಕೀಲ. ಸಮಿತಿಯ ಉಪಾಧ್ಯಕ್ಷ ಅವನು, ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವ ಅಭ್ಯಾಸ. "ಅವತ್ತು ತೆರೆದವರಿಗೆ ಒಂದಿನ ರೋಗಿ ಇದನ್ನ ನೋಡ್ತಾನೆ ಅಂತ ಗೊತ್ತಿರಲಿಲ್ಲ. ಇವತ್ತಿನಿಂದ ಇಡೋಣ, ಯಾರಿಗೂ ತಕರಾರಿಲ್ಲ."

"ನಮ್ಮಲ್ಲಿ ಒಂದು ರೆಕಾರ್ಡನ್ನ ದಿನಕ್ಕೆ ನಲವತ್ತು ಜನ ನೋಡ್ತಾರೆ," ಅಂದ ಡಾಕ್ಟರು. "ಲ್ಯಾಬಿನವನು, ಔಷಧಿಯವನು, ವಾರ್ಡಿನವರು. ಹತ್ತು ವರ್ಷದ ಪಟ್ಟಿ ಹಿಡ್ಕೊಂಡು ಬಂದು ಇವನ್ಯಾರು ಅವನ್ಯಾರು ಅಂತ ಕೇಳಿದ್ರೆ ನಾನು ಜ್ವರ ನೋಡ್ಲೋ ಪಂಚಾಯಿತಿ ಮಾಡ್ಲೋ?"

ಎಲ್ಲರೂ ನಕ್ಕರು. ರೋಗಿಗಳ ಪರವಾಗಿ ಬರುತ್ತಿದ್ದ ಹೆಂಗಸು ಮಾತ್ರ ನಗಲಿಲ್ಲ. ಹೊಲಿಗೆ ಕೆಲಸದವಳು, ಆರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸಮಿತಿಯಲ್ಲಿ ಎಲ್ಲರೂ ಹೊಲಿಗೆಯಮ್ಮ ಅಂತಲೇ ಕರೆಯುತ್ತಿದ್ದರು. "ನಾನಿಲ್ಲದಾಗ ನನ್ನ ಮನೆಗೆ ಯಾರು ಬಂದಿದ್ರು ಅಂತ ಕಾವಲಿನವನನ್ನ ಕೇಳ್ತೀನಿ ಅಂತಿಟ್ಕೊಳ್ಳಿ," ಅಂದಳು. "ನಾಳೆಯಿಂದ ಬರೋವ್ರ ಹೆಸರು ಹೇಳ್ತೀನಮ್ಮ, ಇಲ್ಲಿತನಕ ಬಂದವರದ್ದು ಕೇಳ್ಬೇಡ ಅಂದ್ರೆ, ಅದು ಎಂಥಾ ಕಾವಲು?"

ಕೈ ಎತ್ತಿಸಿದರು. ವಕೀಲ, ಡಾಕ್ಟರು, ಆಸ್ಪತ್ರೆಗಳ ಪ್ರತಿನಿಧಿ ಒಂದು ಕಡೆ. ಹೊಲಿಗೆಯಮ್ಮ, ಇಂಜಿನಿಯರ್, ದಾದಿಯರ ಪ್ರತಿನಿಧಿ ಇನ್ನೊಂದು ಕಡೆ. ಮೂರಕ್ಕೆ ಮೂರು. ಆರು ಮುಖಗಳೂ ಮೇಜಿನ ತುದಿಗೆ ತಿರುಗಿದವು. ಅಧ್ಯಕ್ಷ ಹದಿನೈದು ನಿಮಿಷ ಬಿಡುವು ಅಂದ. ಅಂದ ಮೇಲೆ ತನ್ನ ದನಿ ಸಹಜವಾಗಿಯೇ ಇತ್ತಲ್ಲ ಅಂತ ಆಶ್ಚರ್ಯಪಟ್ಟ.

ಹೊರಗಿನ ಉದ್ದ ಹಾದಿಯ ಕೊನೆಯಲ್ಲಿ ಚಹಾ ಯಂತ್ರ ಇತ್ತು. ಲೋಟ ಬಿದ್ದಿತು, ಚಹಾ ಬರಲಿಲ್ಲ, ಬರೀ ಬಿಸಿನೀರು ಬಂತು. ಅದನ್ನೇ ಹಿಡಿದುಕೊಂಡು ನಿಂತ. ಕಿಟಕಿಯ ಕೆಳಗೆ ಯಾರೋ ಕಾರನ್ನು ಹಿಂದೆ ಮುಂದೆ ಮಾಡಿ ಇಕ್ಕಟ್ಟಿನ ಜಾಗಕ್ಕೆ ತೂರಿಸುತ್ತಿದ್ದರು. ಒಂದೇ ಸಲ ತೆರೆದಿದ್ದರೆ ಪರೀಕ್ಷೆ ಅನ್ನಬಹುದಿತ್ತು. ಎರಡನೆಯ ಸಲ 'ಮರುಪರೀಕ್ಷೆ' ಅಂತ ಬರೆದಿದ್ದ. ಮೂರನೆಯ ಸಲ 'ದತ್ತಾಂಶ ಪರಿಶೀಲನೆ'. ನಾಲ್ಕನೆಯ ಸಲ, ಅಕ್ಕನ ಹುಟ್ಟುಹಬ್ಬಕ್ಕೆ ಶಾಲು ಕೊಟ್ಟು ಬಂದ ಮಾರನೆಯ ದಿನ, ಹೊಸ ಕಾರಣ ಹುಡುಕುವ ವ್ಯವಧಾನವೂ ಇರಲಿಲ್ಲ, ಮತ್ತೆ 'ಪರೀಕ್ಷೆಗಾಗಿ' ಅಂತಲೇ ಒತ್ತಿದ. ಹುಳುಕು ಹಲ್ಲಿಗೆ ನಾಲಿಗೆ ಹೋಗುವ ಹಾಗೆ ಆ ಒಂದು ಸಾಲಿಗೆ ಹೋಗಿ ಬರುತ್ತಿದ್ದ. ಏನಾದರೂ ಬದಲಾಗಿದೆಯೋ ಅಂತ ನೋಡುವವನ ಹಾಗೆ. ಮೊದಲ ಸಲ ಓದಿದ ಮೇಲಿನ ಭಾನುವಾರದಿಂದ ಅಕ್ಕನ ಕೋಣೆಗೆ ಹೋಗತೊಡಗಿದ್ದ. ಅದಕ್ಕೆ ಮುಂಚೆ ವರ್ಷಕ್ಕೆ ನಾಲ್ಕೈದು ಸಲ ಹೋದರೆ ಹೆಚ್ಚು. ಈಗ ಭಾನುವಾರ ತಪ್ಪಿಸುತ್ತಿರಲಿಲ್ಲ. ಅಕ್ಕ ಹೊಸ ಕಪ್ಪು ತಂದಿಟ್ಟಳು. ಕುರ್ಚಿಗೆ ದಿಂಬು ಹೊಲಿಸಿದಳು. ಅಕ್ಕಪಕ್ಕದ ಅಂಗಡಿಯವರಿಗೆ, "ವಯಸ್ಸಾದ ಹಾಗೆ ನನ್ನ ತಮ್ಮನಿಗೆ ಅಕ್ಕ ಅಂದ್ರೆ ಪ್ರಾಣ ಆಗಿಬಿಟ್ಟಿದೆ" ಅನ್ನುತ್ತಿದ್ದಳಂತೆ. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಈಗ ಆ ಪಟ್ಟಿ ಅವಳ ಕೈಗೆ ಹೋದರೆ, ತಾರೀಖಿಗೆ ತಾರೀಖು ಕೂಡಿಸಲು ಅವಳಿಗೆ ಎಷ್ಟು ಹೊತ್ತು ಬೇಕು? ಅರ್ಧ ಕೂದಲೆಳೆಯ ವ್ಯತ್ಯಾಸವನ್ನು ಬರಿಗಣ್ಣಲ್ಲಿ ಹಿಡಿಯುವವಳು.

"ನೀವು ಹೇಗೆ ಮತ ಹಾಕ್ತೀರ ಅಂತ ನನಗೆ ಗೊತ್ತು ಸಾರ್," ಅಂದಳು ಪಕ್ಕಕ್ಕೆ ಬಂದು ನಿಂತ ಇಂಜಿನಿಯರ್. "ನಿಮ್ಮ ಆ ಭಾಷಣ ಕೇಳಿಯೇ ನಾನು ಹಳೇ ಕೆಲಸ ಬಿಟ್ಟು ಇಲ್ಲಿಗೆ ಸೇರಿದ್ದು." ಅವನು ಬಿಸಿನೀರು ಕುಡಿದ. ಚಹಾ ಕುಡಿದವನ ಹಾಗೆ ತುಟಿ ಒರೆಸಿಕೊಂಡ.

ಹೊಲಿಗೆಯಮ್ಮ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದಳು. ಡಯಾಲಿಸಿಸ್ ಆದ ಮಾರನೆಯ ದಿನ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಅವನನ್ನು ಕರೆದು, ಮಗುಚಿಕೊಂಡಿದ್ದ ಅವನ ಅಂಗಿಯ ಕಾಲರನ್ನು ಅಂಗಡಿಗೆ ಬಂದ ಗಿರಾಕಿಯದೆಂಬಂತೆ ಎರಡು ಬೆರಳಲ್ಲಿ ಸರಿಮಾಡಿದಳು. "ಸಾರ್, ಒಳಗೆ ಎಲ್ಲರೆದುರು ಹೇಳಲಿಲ್ಲ," ಅಂದಳು. "ಕದ್ದು ನೋಡ್ದವರನ್ನ ಹಿಡಿಯೋಕಲ್ಲ ನನಗೆ ಆ ಪಟ್ಟಿ ಬೇಕಾಗಿರೋದು. ನನ್ನ ಮಗ ಡಾಕ್ಟರು. ಬೇರೆ ಊರಲ್ಲಿದ್ದಾನೆ. ಅಮ್ಮಾ, ನಿನ್ನ ರಿಪೋರ್ಟೆಲ್ಲಾ ನೋಡ್ತಾನೇ ಇರ್ತೀನಿ, ಚಿಂತೆ ಮಾಡ್ಬೇಡ ಅಂತಾನೆ ಫೋನಲ್ಲಿ. ನೋಡ್ತಾನೋ ಇಲ್ವೋ. ಆರು ವರ್ಷ ಆಯ್ತು. ಅಷ್ಟು ತಿಳಿದ್ರೆ ಸಾಕು ನನಗೆ."

"ಅವರನ್ನೇ ಕೇಳ್ಬಹುದಲ್ಲ?"

"ಕೇಳಿದ್ರೆ ನೋಡ್ತೀನಿ ಅಂತಾನೆ. ಕೇಳದೇ ಗೊತ್ತಾಗ್ಬೇಕು."

ಅವನಿಗೆ ಆ ಕ್ಷಣ ಅಸಹ್ಯವಾದ ಒಂದು ಆಸೆ ಬಂತು: ಇವಳಿಗೆ ಹೇಳಿಬಿಡಬೇಕು, ನಾನು ನೋಡಿದ್ದೇನೆ, ನಾಲ್ಕು ಸಲ ನೋಡಿದ್ದೇನೆ, ನಿಮ್ಮ ಮಗನಿಗಿಂತ ನಾನು ಮೇಲು ಅಂತ. ಕದ್ದದ್ದನ್ನು ದಾನ ಮಾಡಿದ ಹಾಗೆ ತೋರಿಸುವ ಆಸೆ. ಅದು ಬಂದಷ್ಟೇ ಬೇಗ ಹೋಯಿತು.

ಮತ್ತೆ ಕೂತಾಗ ಹನ್ನೊಂದೂ ಇಪ್ಪತ್ತು. ಮತ ಹಾಕುವುದು ಸುಲಭವಿತ್ತು. ಮೊದಲಿನಿಂದ ತೋರಿಸಿ ಅಂದರೆ ಸತ್ಯಸಂಧ. ಇವತ್ತಿನಿಂದ ಅಂದರೆ ವ್ಯವಹಾರಸ್ಥ. ಎರಡಕ್ಕೂ ಅವನ ಬಳಿ ಒಳ್ಳೆಯ ಕಾರಣಗಳಿದ್ದವು, ಐದಕ್ಷರಕ್ಕಿಂತ ಉದ್ದನೆಯವೇ. ಬಾಯಿ ತೆರೆದಾಗ ಹೊರಬಿದ್ದದ್ದು ಮೂರನೆಯದು.

"ಈ ವಿಷಯದಲ್ಲಿ ನನ್ನ ಸ್ವಂತ ಹಿತ ಇದೆ. ಹಳೇ ಪಟ್ಟಿ ಹೊರಗೆ ಬಂದ್ರೆ ಅದರಲ್ಲಿ ನನ್ನ ಹೆಸರಿದೆ. ನಾನು ಮತ ಹಾಕೋ ಹಾಗಿಲ್ಲ."

"ನಮ್ಮೆಲ್ಲರ ಹೆಸರೂ ಇರುತ್ತೆ ಬಿಡಿ ಸಾರ್," ಅಂದ ಡಾಕ್ಟರು, ನಗುತ್ತ.

"ಕೆಲಸಕ್ಕೆ ನೋಡಿದ್ದಲ್ಲ ಡಾಕ್ಟ್ರೇ. ಮನೆಯವರದ್ದು. ಪರೀಕ್ಷೆ ಅಂತ ಸುಳ್ಳು ಕಾರಣ ಬರೆದು ನೋಡಿದ್ದು. ನಾಲ್ಕು ಸಲ."

ಕಾರ್ಯದರ್ಶಿಯ ಪೆನ್ನು ನಿಂತಿತು. ಇದನ್ನು ನಡಾವಳಿಯಲ್ಲಿ ಬರೆಯಬೇಕೋ ಬೇಡವೋ ಅಂತ ತಲೆಯೆತ್ತಿ ನೋಡಿದರು. ಬರೀರಿ ಅಂದ. ಯಾರದ್ದು ಅಂತ ಯಾರೂ ಕೇಳಲಿಲ್ಲ. ಆ ಸೌಜನ್ಯವೇ ಅವನನ್ನು ಕುಗ್ಗಿಸಿತು. ಇಂಜಿನಿಯರ್ ತನ್ನ ನಕ್ಷೆಯ ಮೇಲೆ ಬಾಗಿ ಅಲ್ಲಿಲ್ಲದ ಏನನ್ನೋ ಉಜ್ಜಿ ಅಳಿಸುತ್ತಿದ್ದಳು. ವಕೀಲ ಪೆನ್ನಿನ ಮುಚ್ಚಳ ಹಾಕಿ ಗಂಟಲು ಸರಿಮಾಡಿಕೊಂಡ.

"ಹಾಗಿದ್ರೆ ಹನ್ನೆರಡನೇ ನಿಯಮದ ಪ್ರಕಾರ ನಿರ್ಣಾಯಕ ಮತ ಉಪಾಧ್ಯಕ್ಷನಿಗೆ ಬರುತ್ತೆ. ನಾನು ಆಗಲೇ ಹೇಳಿದ್ದೇ. ಇವತ್ತಿನಿಂದ."

ಅಷ್ಟೇ. ನಾಲ್ಕಕ್ಕೆ ಮೂರು. ಹಳೆಯ ಪಟ್ಟಿ ಯಾರಿಗೂ ಕಾಣುವುದಿಲ್ಲ, ಅಕ್ಕನಿಗೂ. ಹೊಲಿಗೆಯಮ್ಮ ತನ್ನ ಎದುರಿಗಿದ್ದ ಕಾಗದವನ್ನು ಎರಡಾಗಿ ಮಡಿಸಿ, ಉಗುರಿಂದ ಮಡಿಕೆ ಗೀರಿ, ಚೀಲಕ್ಕೆ ಹಾಕಿಕೊಂಡಳು. ಹನ್ನೆರಡನೆಯ ನಿಯಮ ಬರೆದವನು ಅಧ್ಯಕ್ಷನೇ. ಮರೆತಿದ್ದನೇ? ಬಾಯಿ ತೆರೆಯುವಾಗ ಅದು ತಲೆಯ ಯಾವ ಮೂಲೆಯಲ್ಲಿತ್ತು? ನಿಜ ಹೇಳುವುದರಿಂದಲೇ ಬಚಾವಾಗುವ ದಾರಿಯೊಂದನ್ನು ಒಳಗಿನ ಯಾವನೋ ಮೊದಲೇ ಲೆಕ್ಕ ಹಾಕಿಟ್ಟಿದ್ದನೇ? ಉಳಿದ ನಾಲ್ಕು ವಿಷಯಗಳನ್ನು ಅವನೇ ನಡೆಸಿದ, ಯಾವುದರಲ್ಲೂ ತಡವರಿಸಲಿಲ್ಲ. ಕೊನೆಗೆ ಎಲ್ಲರೂ ಎದ್ದಾಗ ವಕೀಲ ಅವನ ಭುಜ ತಟ್ಟಿ, "ಭಾರೀ ಧೈರ್ಯ ಸಾರ್ ನಿಮ್ಮದು" ಅಂದ. ಆ ಭುಜವನ್ನು ಇಡೀ ಮಧ್ಯಾಹ್ನ ಬೇರೆ ಯಾರದೋ ಎಂಬಂತೆ ಹೊತ್ತು ತಿರುಗಿದ.

ಸಂಜೆ ಐದೂವರೆಗೆ ಕನ್ನಡಕದಂಗಡಿಯ ಮುಂದೆ ನಿಂತಿದ್ದ. ಯಜಮಾನರು ತೀರಿಕೊಂಡ ಮೇಲೆ ಅಂಗಡಿ ಅಕ್ಕನದೇ. ಅರವತ್ತೊಂದು ತುಂಬಿದ್ದರೂ ಗಾಜು ಉಜ್ಜುವ ಕೆಲಸವನ್ನು ಅವಳು ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಗೋಡೆ ತುಂಬ ಗಾಜಿಲ್ಲದ ಫ್ರೇಮುಗಳು. ಒಳಗೆ ಯಂತ್ರದ ಸಣ್ಣ ಗುಂಯ್‌ಗುಡುವಿಕೆ, ಒದ್ದೆ ಗಾಜಿನ ಪುಡಿಯ ವಾಸನೆ.

"ಇವತ್ತು ಬುಧವಾರ," ಅಂದಳು ಅಕ್ಕ, ತಲೆಯೆತ್ತದೆ.

"ಗೊತ್ತು."

"ಮನೇಲಿ ಎಲ್ಲಾ ಆರಾಮಾ?"

"ಆರಾಮು. ಯಂತ್ರ ನಿಲ್ಸು ಅಕ್ಕ, ಒಂದು ಮಾತಿದೆ."

"ಕೈಲಿರೋದು ಮುಗೀಲಿ. ನಡುವೆ ನಿಲ್ಸಿದ್ರೆ ಗೀರು ಬೀಳುತ್ತೆ." ಅವಳು ಮುಗಿಸಿದಳು. ಗಾಜನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು, ಬಟ್ಟೆಯಲ್ಲಿ ಒರೆಸಿ ಕಾಗದದ ಪೊಟ್ಟಣಕ್ಕೆ ಹಾಕಿದಳು, ಪೊಟ್ಟಣದ ಮೇಲೆ ಅಂಕಿ ಬರೆದಳು. ಆಮೇಲೆ ಕೈ ಒರೆಸಿಕೊಂಡು ಅವನ ಕಡೆ ತಿರುಗಿದಳು. ಅವನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಪೀಠಿಕೆ ಪೂರ್ತಿ ಬಿದ್ದುಹೋಗಿತ್ತು. ಹೇಳಿದ. ನಾಲ್ಕು ವರ್ಷದ ಹಿಂದೆ ನಿನ್ನ ಕಡತ ತೆರೆದೆ, ನಿದ್ರೆ ಮಾತ್ರೆಯದನ್ನು ಓದಿದೆ ಅಂದ. ಈಗ ಯಾವ ಪಟ್ಟಿಯೂ ನಿನಗೆ ಬರುವುದಿಲ್ಲ, ಹೇಳಲೇಬೇಕಾದ ಅಗತ್ಯವೇ ಇಲ್ಲ ಅನ್ನುವುದನ್ನೂ ಹೇಳಿದ. ಯಾಕೆ ಹೇಳಿದ ಅಂತ ಅವನಿಗೇ ತಿಳಿಯಲಿಲ್ಲ. ಅದರಲ್ಲೂ ಒಂದು ಹೆಚ್ಚುಗಾರಿಕೆ ಇತ್ತು.

ಅಕ್ಕ ಗಲ್ಲಾಪೆಟ್ಟಿಗೆಯ ಮೇಲಿನ ಅಳತೆಪಟ್ಟಿಯನ್ನು ನೇರ ಮಾಡಿದಳು.

"ಎಷ್ಟು ಸಲ ನೋಡ್ದೆ?"

"ನಾಲ್ಕು ಸಲ."

"ಒಂದ್ಸಲ ಓದಿದ್ರೆ ಅರ್ಥ ಆಗ್ಲಿಲ್ವಾ?"

ಅವನು ಗೋಡೆಯ ಮೇಲಿನ ಒಂದು ಫ್ರೇಮನ್ನು ತೆಗೆದು ಮತ್ತೆ ಅಲ್ಲೇ ಇಟ್ಟ.

"ಅದಕ್ಕೇ ಭಾನುವಾರ ಬರ್ತಿದ್ದದ್ದು."

ಪ್ರಶ್ನೆಯಾಗಿರಲಿಲ್ಲ. ಆದರೂ ಉತ್ತರ ಹೇಳಿದ. "ಮೊದಮೊದಲು ಹೌದು."

"ಈಗ?"

"ಈಗ ಗೊತ್ತಿಲ್ಲ ಅಕ್ಕ. ಎರಡನ್ನೂ ಬಿಡಿಸೋಕೆ ಬರ್ತಿಲ್ಲ ನನಗೆ."

ಗಿರಾಕಿಯೊಬ್ಬ ಬಂದು ಮೂಗಿನ ಮೇಲೆ ಜಾರುವ ಕನ್ನಡಕ ಕೊಟ್ಟ. ಅಕ್ಕ ಅದರ ಕಡ್ಡಿಗಳನ್ನು ಬಿಸಿಗಾಳಿಗೆ ಹಿಡಿದು ಬಾಗಿಸಿ, ಅವನ ಕಿವಿಗೆ ತಾನೇ ಏರಿಸಿ, ತಲೆ ಅಲ್ಲಾಡಿಸಿ ನೋಡಿ ಅಂದಳು. ಗಿರಾಕಿ ಅಲ್ಲಾಡಿಸಿದ. ಸರಿಹೋಯಿತು. ಗಿರಾಕಿ ಹೋಗುವವರೆಗೂ ಅವನು ಪಕ್ಕಕ್ಕೆ ಸರಿದು, ಎದುರುಬದುರು ಕನ್ನಡಿಗಳಲ್ಲಿ ತನ್ನ ತಲೆಯ ಹಿಂಭಾಗ ಕಾಣುವುದನ್ನು ನೋಡುತ್ತ ನಿಂತಿದ್ದ. ಆಮೇಲೆ, ಇಷ್ಟು ದಿನ ಕೇಳಬೇಕು ಅಂದುಕೊಂಡಿದ್ದ ಒಂದೇ ಒಂದು ಮಾತನ್ನು ಕೇಳಿದ.

"ಸಂಬಂಧಿಕರು ಇಲ್ಲ ಅಂತ ಯಾಕೆ ಬರೆಸಿದೆ?"

"ಯಾರು ಬರೆಸಿದ್ದು?"

"ಹಾಗಂತ ಇದೆ. ಸಂಬಂಧಿಕರು, ಇಲ್ಲ."

ಅಕ್ಕನ ಹುಬ್ಬು ಗಂಟಿಕ್ಕಿತು. ನಿಜವಾಗಿ ಯೋಚಿಸುತ್ತಿದ್ದಳು, ಎಲ್ಲೋ ಇಟ್ಟು ಮರೆತ ಸಣ್ಣ ಸ್ಕ್ರೂ ಒಂದನ್ನು ಹುಡುಕುವ ಹಾಗೆ. "ಯಾರಿಗೆ ತಿಳಿಸ್ಬೇಕು ಅಂತ ಕೇಳಿದ್ರು. ಯಾರಿಗೂ ತಿಳಿಸ್ಬೇಡಿ ಅಂದೆ. ನಿನ್ನ ಹೆಂಡತಿಗೆ ಎಂಟನೇ ತಿಂಗಳು. ಮತ್ತೆ ಮತ್ತೆ ಕೇಳಿದ್ರು, ಮತ್ತೆ ಮತ್ತೆ ಅದನ್ನೇ ಅಂದೆ. ಆ ದಾದಿ ಪಾಪ ಅಷ್ಟುದ್ದ ಬರ್ಕೊಂಡ್ಲು, ನಾನೇ ನೋಡ್ದೆ. ಒಂದು ಸಾಲಲ್ಲ, ಮೂರು ಸಾಲು."

ಮೂರು ಸಾಲು. ಆ ಮೂರು ಸಾಲು ಎಲ್ಲಿಗೆ ಹೋದವು ಅನ್ನುವುದು ಈ ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೆ. ಹಳೆಯ ಕಾಗದಗಳನ್ನು ಏರಿಸುವಾಗ ಕೈಬರಹದ ಟಿಪ್ಪಣಿಗಳು ರಾಶಿ ಬಿದ್ದಿದ್ದವು. ಸಂಬಂಧಿಕರ ಚೌಕಕ್ಕೆ ಇದ್ದಾರೆ, ಇಲ್ಲ, ಎರಡೇ ಆಯ್ಕೆ ಸಾಕು ಅಂತ ಕೋಷ್ಟಕ ಮಾಡಿ, ಫೋನ್ ನಂಬರು ಇಲ್ಲದ್ದನ್ನೆಲ್ಲ ಇಲ್ಲ ಅನ್ನುವುದಕ್ಕೆ ಸೇರಿಸಿ ಅಂತ ಷರಾ ಬರೆದದ್ದು ಅವನ ಕೈ. ಅದು ಯಾವ ಸಭೆ, ಯಾವ ತಿಂಗಳು ಅನ್ನುವುದೂ ನೆನಪಿಗೆ ಬಂತು. ಊಟಕ್ಕೆ ಏಳುವ ಹೊತ್ತು, ಎಲ್ಲರಿಗೂ ಹಸಿವಾಗಿತ್ತು. ತನ್ನ ಕೈಯಾರೆ ಅಳಿಸಿದ್ದನ್ನು ಅಕ್ಕನ ಮಾತು ಅಂತ ನಾಲ್ಕು ವರ್ಷ ಎದೆಗೆ ಅವಚಿಕೊಂಡು ಅತ್ತಿದ್ದ. ಹೇಳೋಣ ಅಂದುಕೊಂಡ. ಹೇಳಲು ಹೊರಟರೆ ಕೋಷ್ಟಕ, ಕೋಡು, ನಮೂನೆ ಅಂತ ಶುರು ಮಾಡಬೇಕಿತ್ತು.

"ತಪ್ಪು ಬರ್ಕೊಂಡಿದ್ದಾರೆ ಅಕ್ಕ," ಅಂದ. ಒಂದು ಕ್ಷಣ ಬಿಟ್ಟು, "ನಾವೇ. ನಾನೇ ಮಾಡಿದ್ದು ಆ ತಪ್ಪು."

"ಇರಲಿ ಬಿಡು," ಅಂದಳು. ಅದು ಕ್ಷಮೆಯ ದನಿಯಲ್ಲ, ಬಾಗಿಲು ಮುಂದೆ ಮಾಡುವ ದನಿ. "ನಿನಗೊಂದು ಹೇಳ್ತೀನಿ. ಅದು ನನ್ನದು. ನಿನ್ನಿಂದ ಆಯ್ತು ಅಂತ ಅಂದ್ಕೊಂಡಿದ್ರೆ ಅಂದ್ಕೋ, ಸ್ವಲ್ಪ ನಿನ್ನಿಂದಲೂ ಆಯ್ತು. ಆದ್ರೆ ಅದನ್ನ ನಾನು ಯಾರಿಗೂ ಕೊಟ್ಟಿರಲಿಲ್ಲ. ನೀನು ತಗೊಂಡೆ. ತಗೊಂಡು ನಾಲ್ಕು ವರ್ಷ ಹಣ್ಣು ತಂದೆ, ಶಾಲು ತಂದೆ. ನಾನು ಪೆದ್ದಿ, ಕುರ್ಚಿಗೆ ದಿಂಬು ಹೊಲಿಸಿದೆ."

"ಅಕ್ಕ."

"ಈ ಭಾನುವಾರ ಬರ್ಬೇಡ. ಮುಂದಿನ ಭಾನುವಾರಾನೂ ಬೇಡ. ನನಗೆ ಬೇಕಾದಾಗ ನಾನೇ ಕರೀತೀನಿ."

ಅವನು ಮೆಟ್ಟಿಲಿಳಿಯುವಾಗ ಯಂತ್ರ ಮತ್ತೆ ಶುರುವಾಯಿತು.

ಆ ಭಾನುವಾರ ಹೆಂಡತಿ, "ಇವತ್ತು ಹೋಗಲ್ವಾ?" ಅಂತ ಕೇಳಿದಳು. ಅಕ್ಕನಿಗೆ ಪುರುಸೊತ್ತಿಲ್ಲವಂತೆ ಅಂದ. ಎರಡನೆಯ ಭಾನುವಾರ ಕೇಳಲಿಲ್ಲ. ಮೂರನೆಯ ಭಾನುವಾರ ಅವನೇ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಎಲ್ಲ ಕೇಳಿ ಅವಳು, "ಆ ಟೇಪು ನಾನು ತಂದುಕೊಟ್ಟಿದ್ದು" ಅಂದಳು. ಫ್ರಿಜ್ಜಿನ ಮೇಲಿನ ಪತ್ರಿಕೆಯ ತುಣುಕನ್ನು ಕಿತ್ತುಹಾಕಬೇಕು ಅನ್ನಿಸಿತು. ಮಗಳು ಅಂಟಿಸಿದ್ದು ಅಂತ ಬಿಟ್ಟ. ಮೇಲಿನ ಕಚೇರಿಯಿಂದ ಎಚ್ಚರಿಕೆಯ ಪತ್ರ ಬಂತು. ಅಧ್ಯಕ್ಷ ಸ್ಥಾನವನ್ನು ಅವನೇ ಬಿಟ್ಟುಕೊಟ್ಟ, ವಕೀಲ ಮೇಜಿನ ತುದಿಗೆ ಬಂದ. ಬರೀ ಸದಸ್ಯನಾಗಿ ಪಕ್ಕದ ಸಾಲಿನಲ್ಲಿ ಕೂತ ಮೊದಲ ದಿನ ಎಲ್ಲ ಮುಖಗಳೂ ಬೇರೆ ಕೋನದಿಂದ ಕಂಡವು. ಡಾಕ್ಟರಿಗೆ ಕಿವಿಯ ಹಿಂದೆ ಒಂದು ದೊಡ್ಡ ಮಚ್ಚೆ ಇರುವುದು ಹನ್ನೊಂದು ವರ್ಷದಲ್ಲಿ ಅವನಿಗೆ ಗೊತ್ತಿರಲಿಲ್ಲ. ಹಳೆಯ ಪಟ್ಟಿಯನ್ನು ಎಲ್ಲರಿಗೂ ತೋರಿಸದಿದ್ದರೆ ಬೇಡ, ಅರ್ಜಿ ಕೊಟ್ಟು ಕೇಳಿದವರಿಗಾದರೂ ಕೊಡಬೇಕು ಅಂತ ಅವನೊಂದು ಸೂಚನೆ ತಂದ. ಇಂಜಿನಿಯರ್ ಅವನ ಮುಖ ನೋಡದೆಯೇ ಅನುಮೋದಿಸಿದಳು. ಅದು ಹೇಗೋ ಪಾಸಾಯಿತು. ಮೊದಲ ಅರ್ಜಿ ಹೊಲಿಗೆಯಮ್ಮನದು. ಅವಳ ಕೈಗೆ ಪಟ್ಟಿ ಬಂದು ವಾರವಾಗಿತ್ತು. ಅದರಲ್ಲಿ ಏನಿತ್ತು ಅಂತ ಅವಳು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅವಳ ಮುಖ ನೋಡಿ ತಿಳಿಯಲು ನೋಡಿದ. ಆಮೇಲೆ, ಅದೂ ಒಂದು ಬಗೆಯ ತೆರೆದು ನೋಡುವುದೇ ಅನ್ನಿಸಿ ಕಣ್ಣು ತಗ್ಗಿಸಿದ.

ಅಕ್ಕ ಬರಬೇಡ ಅಂದ ಮೇಲಿನ ಏಳನೆಯ ವಾರ, ಸಭೆ ನಡುಮಧ್ಯದಲ್ಲಿದ್ದಾಗ ಫೋನು ನಡುಗಿತು. ಹಳೆಯ ಕೈಬರಹದ ಟಿಪ್ಪಣಿಗಳ ಚಿತ್ರವನ್ನೂ ಕಡತದ ಜೊತೆಗೇ ಇಡಬೇಕು ಅಂತ ಅವನೇ ಎದ್ದು ನಿಂತು ವಾದಿಸುತ್ತಿದ್ದ. ಎಷ್ಟು ಜಾಗ ಬೇಕಾಗುತ್ತದೆ ಗೊತ್ತಾ ಅಂತ ವಕೀಲ ಕೇಳುತ್ತಿದ್ದ. ಫೋನಿನ ಮೇಲೆ ಅಕ್ಕನ ಹೆಸರು ನೋಡಿ, ಮಾತನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

"ಕೆಲಸದಲ್ಲಿದ್ದೀಯಾ?"

"ಇಲ್ಲ, ಹೇಳು."

"ಸುಳ್ಳು ಯಾಕೆ ಹೇಳ್ತೀಯ, ಹಿಂದೆ ಜನ ಮಾತಾಡೋದು ಕೇಳಿಸ್ತಿದೆ." ಕಿಟಕಿಯಾಚೆ ಬಿಸಿಲು ಏರಿತ್ತು. ಎದುರಿನ ಕಟ್ಟಡಕ್ಕೆ ಬಣ್ಣ ಹೊಡೆಯುವವರು ಹಗ್ಗದ ಮೇಲೆ ತೂಗುತ್ತ ಊಟಕ್ಕೆ ಇಳಿಯುತ್ತಿದ್ದರು. "ಮೊನ್ನೆ ನಿನ್ನ ಹೆಂಡತಿ ಬಂದಿದ್ಲು. ನೀನು ರಾತ್ರಿ ಊಟ ಬಿಟ್ಟು ಕೂತಿರ್ತೀಯಂತೆ. ಐವತ್ತು ದಾಟಿದ ಮೇಲೆ ಈ ಚಿಕ್ಕ ಮಕ್ಕಳ ಹಟ ಎಲ್ಲಾ ಯಾಕೆ ಬೇಕು ನಿನಗೆ? ಯಾರು ನೋಡ್ಲಿ ಅಂತ? ಆಮೇಲೆ ಹೊಟ್ಟೆ ಹಿಡ್ಕೊಂಡು ಬಿದ್ರೆ ಯಾರು ಓಡಾಡ್ತಾರೆ, ನನ್ನ ಮಂಡಿ ಕೆಟ್ಟು ಕೂತಿದೆ. ಬುದ್ಧಿ ಅನ್ನೋದು ಎಳ್ಳಷ್ಟೂ ಬರಲಿಲ್ಲ ಕಣೋ ನಿನಗೆ. ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಏನು ಕೇಳಿಸ್ತು ಹೇಳು."

ಅವನು ಹೇಳಿದ, ಪಾಠ ಒಪ್ಪಿಸುವವನ ಹಾಗೆ. ಹೇಳುವಾಗಲೇ ಹೊಳೆಯಿತು, ನಾಲ್ಕು ವರ್ಷದ ಅಷ್ಟೂ ಭಾನುವಾರಗಳಲ್ಲಿ ಅಕ್ಕ ಅವನನ್ನು ಒಂದೇ ಒಂದು ಸಲ ಕೂಡ ಗದರಿರಲಿಲ್ಲ. ಮನೆಗೆ ಬಂದ ದೊಡ್ಡ ಮನುಷ್ಯನನ್ನು ಕೂರಿಸಿ ಮಾತಾಡಿಸುವ ಹಾಗೆ ಮಾತಾಡಿಸಿದ್ದಳು. ಯಾವಾಗ ಬರಲಿ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅಕ್ಕ ಇನ್ನೂ ಬೈಯುತ್ತಲೇ ಇದ್ದಳು. ಒಳಗಿನಿಂದ ಕಾರ್ಯದರ್ಶಿ ಬಾಗಿಲಿಗೆ ಬಂದು, ಮತಕ್ಕೆ ಹಾಕ್ತಿದ್ದಾರೆ ಬನ್ನಿ ಅಂತ ಸನ್ನೆ ಮಾಡಿದರು. ಅವನು ಒಂದು ಕೈ ಎತ್ತಿ ಸ್ವಲ್ಪ ತಾಳಿ ಅಂದು, ಗೋಡೆಯ ಕಡೆ ತಿರುಗಿ, ಹೂಂ, ಹೂಂ ಅನ್ನುತ್ತ ಕೇಳಿಸಿಕೊಂಡ.